ಪಿಟ್ಟೆ ಬಿಟ್ಟುಹೋದ ರೀಲು

ಫೆಬ್ರವರಿ ೯

ಫೋಟೋ ಮೇಷ್ಟ್ರಿಗೆ ನಮಸ್ಕಾರ.

ನಾನು ಪಿಟ್ಟೆಯ ಅಮ್ಮ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದ್ದರೂ ನೀವು ಅವಳನ್ನು ಮನೆಯ ಮುದ್ದು ಹೆಸರಿನಿಂದಲೇ ಕರೆಯುತ್ತಿದ್ದಿರಂತೆ. ಕಳೆದ ಅಕ್ಟೋಬರಿನಲ್ಲಿ ಅವಳನ್ನು ಮಣ್ಣು ಮಾಡಿದ ದಿನ ನೀವು ಬಂದಿದ್ದಿರಿ. ಎಲ್ಲರಿಗಿಂತ ಹಿಂದೆ, ಗೋಡೆಗೆ ಒರಗಿ ನಿಂತಿದ್ದಿರಿ. ನೀವು ಮಾತಾಡಿಸಲಿಲ್ಲ, ನಾನೂ ಮಾತಾಡಿಸಲಿಲ್ಲ.

ನಿಮ್ಮ ಶಾಲೆಯ ಕ್ಯಾಮೆರಾ ಇನ್ನೂ ನಮ್ಮಲ್ಲೇ ಇದೆ. ಪೊಲೀಸರು ತಂದುಕೊಟ್ಟ ದಿನ ನಮ್ಮನೆಯವರು ಅದನ್ನು ಬೀರುವಿನ ತಲೆಯ ಮೇಲೆ ಇಟ್ಟರು. ಹೋದ ವಾರ ಧೂಳು ಹೊಡೆಯುವಾಗ ಕೆಳಗಿಳಿಸಿದೆ. ಒಳಗೆ ರೀಲು ಹಾಗೇ ಇದೆ. ಪೂರ್ತಿ ಮುಗಿದಿಲ್ಲ, ಇನ್ನೂ ಕೆಲವು ಚಿತ್ರ ತೆಗೆಯಬಹುದು ಅಂತ ಮೇಲಿನ ಮುಳ್ಳು ತೋರಿಸುತ್ತಿದೆ. ಅವಳ ಮೇಜಿನ ಮುಂದಿನ ಗೋಡೆಗೆ ನೀವು ಕೊಟ್ಟ ಅಭ್ಯಾಸಗಳ ಹಾಳೆ ಅಂಟಿಸಿದ್ದಾಳೆ. ಮಾಡಿ ಮುಗಿಸಿದ್ದಕ್ಕೆಲ್ಲ ಕೆಂಪು ಗೀಟು ಎಳೆದಿದ್ದಾಳೆ. ಮೂರಕ್ಕೆ ಗೀಟಿಲ್ಲ. ಒಂದು ವಸ್ತು, ಹಲವು ಬೆಳಕು. ಎದುರಿಗಿಲ್ಲದವರ ಭಾವಚಿತ್ರ. ಕೊನೆಯದು ಪ್ರತಿಬಿಂಬ.

ಈ ಮೂರನ್ನು ನಾನು ಮಾಡಿ ರೀಲು ಮುಗಿಸಲಾ ಅಂತ ಕೇಳೋಕೆ ಬರೆಯುತ್ತಿದ್ದೇನೆ. ಆಮೇಲೆ ನೀವು ಅದನ್ನು ತೊಳೆದುಕೊಡಿ. ಅರ್ಧ ರೀಲು ತೊಳೆಯೋಕೆ ನನಗೆ ಮನಸ್ಸಿಲ್ಲ, ಅವಳು ಅರ್ಧಕ್ಕೇ ನಿಂತಳು ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತದೆ.

ನನಗೆ ಚಿತ್ರ ತೆಗೆಯೋಕೆ ಬರುವುದಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು ನಾನು. ಬೆಳಗಿನಿಂದ ಸಂಜೆವರೆಗೆ ಒಂದು ಕಣ್ಣು ಗಾಜಿನ ಮೇಲೇ ಇರುತ್ತದೆ. ಆದರೂ ಏನನ್ನೂ ನೋಡಿದ್ದೇನೆ ಅಂತ ಅನ್ನಿಸುವುದಿಲ್ಲ.

ಇತಿ,
ಪಿಟ್ಟೆಯ ಅಮ್ಮ


ಫೆಬ್ರವರಿ ೧೭

ಅಮ್ಮನವರಿಗೆ ನಮಸ್ಕಾರ.

ಕ್ಯಾಮೆರಾ ವಾಪಸು ಕೊಡಿ ಅಂತ ಕೇಳೋಕೆ ನನಗೆ ಬಾಯಿ ಬರಲಿಲ್ಲ. ಅದು ನಿಮ್ಮಲ್ಲೇ ಇರಲಿ.

ರೀಲನ್ನು ಈಗಲೇ ತಂದುಕೊಟ್ಟರೂ ತೊಳೆದುಕೊಡುತ್ತೇನೆ. ನೀವು ಏನನ್ನೂ ಮುಗಿಸಬೇಕಾಗಿಲ್ಲ. ಆದರೆ ಮಾಡಿಯೇ ಮಾಡುತ್ತೇನೆ ಅಂದರೆ ಹೇಳಿಕೊಡುವುದು ನನ್ನ ಕೆಲಸ. ಕ್ಯಾಮೆರಾವನ್ನು ಎಡ ಅಂಗೈ ಮೇಲೆ ಕೂರಿಸಿ, ಮೊಣಕೈ ಎರಡನ್ನೂ ಮೈಗೆ ಒತ್ತಿಕೊಳ್ಳಿ. ಉಸಿರು ಬಿಟ್ಟು, ಮತ್ತೆ ಎಳೆದುಕೊಳ್ಳುವ ಮುಂಚೆ ಗುಂಡಿ ಒತ್ತಿ. ಒತ್ತುವ ಮೊದಲು ಒಳಗೆ ಕಾಣುವ ಚೌಕದ ನಾಲ್ಕು ಅಂಚಿಗೂ ಒಮ್ಮೆ ಕಣ್ಣಾಡಿಸಿ. ನಡುವೆ ಏನಿದೆ ಅಂತ ಎಲ್ಲರೂ ನೋಡುತ್ತಾರೆ, ಅಂಚಿನಲ್ಲಿ ಏನು ನುಸುಳಿದೆ ಅಂತ ಯಾರೂ ನೋಡುವುದಿಲ್ಲ.

ಇನ್ನೊಂದು ಮಾತು, ತರಗತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಹೇಳುವಂಥದ್ದು. ಚಿತ್ರ ಮನಸ್ಸಿಗೆ ಬರದಿದ್ದರೆ ಕ್ಯಾಮೆರಾವನ್ನು ಎಲ್ಲಾದರೂ ಇಟ್ಟುಬಿಡಿ. ಬರಿಗೈಯಲ್ಲಿ ಹತ್ತಿರ ಹೋಗಿ ನಿಂತು ನೋಡಿ. ಆಮೇಲೆ ಬಂದು ತೆಗೆಯಿರಿ.

ಬೆಳಕಿನ ಅಭ್ಯಾಸದಿಂದ ಶುರು ಮಾಡಿ. ಪ್ರತಿಬಿಂಬವನ್ನು ಬಿಟ್ಟುಬಿಡಿ. ಈ ವರ್ಷದ ಹಾಳೆಯಿಂದ ಅದನ್ನು ತೆಗೆದುಹಾಕಿದ್ದೇನೆ.

ಇತಿ,
ಫೋಟೋ ಮೇಷ್ಟ್ರು


ಮಾರ್ಚ್ ೩

ಮೇಷ್ಟ್ರೇ,

ಅಡುಗೆಮನೆ ಕಿಟಕಿಯ ಮುಂದೆ ಒಂದು ಸ್ಟೀಲಿನ ಲೋಟ ಇಟ್ಟೆ. ಡ್ಯೂಟಿಗೆ ಹೋಗುವ ಮುಂಚೆ ಒಂದಷ್ಟು ಹೊತ್ತು, ಬಂದ ಮೇಲೆ ಒಂದಷ್ಟು ಹೊತ್ತು ಅದರ ಮುಂದೆ ಕೂರುತ್ತಿದ್ದೆ. ಪಕ್ಕದ ಮನೆಯಾಕೆ ಎರಡು ದಿನ ನೋಡಿ, ಮೂರನೆಯ ದಿನ ತಡೆಯಲಾರದೆ ಲೋಟಕ್ಕೆ ಹುಷಾರಿಲ್ವಾ ಅಂತ ಕೇಳಿಯೇಬಿಟ್ಟಳು. ಎಷ್ಟೋ ತಿಂಗಳಾದ ಮೇಲೆ ನಗು ಬಂತು.

ಆದರೆ ಗುಂಡಿ ಒತ್ತೋಕೆ ಆಗಲಿಲ್ಲ. ಕಣ್ಣಿಡುವ ಕಡೆ ಒಂದು ರಬ್ಬರಿನ ಬಳೆ ಇದೆಯಲ್ಲ, ಅದಕ್ಕೆ ಅವಳ ಹಣೆಯ ವಾಸನೆ ಇದೆ. ಸೋಪು, ಬೆವರು, ಎರಡೂ ಸೇರಿದ ವಾಸನೆ. ಅಲ್ಲಿ ಕಣ್ಣಿಟ್ಟಾಗಲೆಲ್ಲ ನನ್ನ ತಲೆ ತಾನಾಗಿ ಎಡಕ್ಕೆ ವಾಲುತ್ತದೆ. ವಾಲಿಸಿಕೊಂಡು ನೋಡುತ್ತಿದ್ದವಳು ಅವಳು, ನಾನಲ್ಲ. ನಾನು ನೋಡುತ್ತಿದ್ದೇನಾ, ಅವಳು ನೋಡಿ ಮುಗಿಸಲಿ ಅಂತ ಕಾಯುತ್ತಿದ್ದೇನಾ ಅಂತ ಗೊತ್ತಾಗುವುದಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಲೋಟದ ಕಂಠದ ಮೇಲೆ ಬಿಸಿಲು ದಾರದಷ್ಟು ಸಣ್ಣಗೆ ಬಂದು ಕೂತಾಗ ಒತ್ತಿದೆ. ಅದು ಅಷ್ಟು ದೊಡ್ಡ ಸದ್ದು ಮಾಡುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನಮ್ಮನೆಯವರು ಬಚ್ಚಲಿನಿಂದ ಓಡಿಬಂದರು. ಅರ್ಧ ಮುಖಕ್ಕೆ ನೊರೆ, ಕೈಯಲ್ಲಿ ರೇಜರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಮೊದಲು ನನ್ನ ಮುಖ ನೋಡಿದರು, ಆಮೇಲೆ ಕೈಯಲ್ಲಿದ್ದ ಕ್ಯಾಮೆರಾ ನೋಡಿದರು. ಹಾಗೇ ಹಿಂದಕ್ಕೆ ಹೋದರು. ಅವತ್ತು ಆ ಅರ್ಧ ಗಡ್ಡದಲ್ಲೇ ಬಸ್ಸು ಓಡಿಸೋಕೆ ಹೋಗಿದ್ದಾರೆ. ಉಳಿದ ಬೆಳಕುಗಳನ್ನು ಆಮೇಲೆ ಅವರಿಲ್ಲದಾಗ ತೆಗೆದೆ.

ಅವಳು ಮನೆಯೊಳಗೆ ಸುಮ್ಮಸುಮ್ಮನೆ ಕ್ಲಿಕ್ ಅನ್ನಿಸುತ್ತಿದ್ದಳು, ರೀಲಿಲ್ಲದಾಗಲೂ.

ಇತಿ,
ಪಿಟ್ಟೆಯ ಅಮ್ಮ


ಮಾರ್ಚ್ ೧೪

ಅಮ್ಮಾ,

ಬಿಸಿಲು ದಾರದಷ್ಟು ಸಣ್ಣಗೆ ಬಂತು ಅಂತ ಬರೆದಿರಲ್ಲ, ಅಷ್ಟು ನೋಡಿದವರಿಗೆ ನಾನು ಹೆಚ್ಚು ಹೇಳಿಕೊಡಬೇಕಾಗಿಲ್ಲ.

ನೀವು ಅವಳ ವಿಷಯ ಬರೆದಿರಿ, ನಾನೂ ಒಂದು ಬರೆಯುತ್ತೇನೆ. ಚೌಕಟ್ಟಿನೊಳಗೊಂದು ಚೌಕಟ್ಟು ಅಂತ ಒಂದು ಅಭ್ಯಾಸ ಕೊಟ್ಟಿದ್ದೆ. ಉಳಿದವರು ಕಿಟಕಿ, ಬಾಗಿಲು, ಕಮಾನು ತೆಗೆದುಕೊಂಡು ಬಂದರು. ಇವಳು ಬ್ರೆಡ್ಡಿನ ತುಂಡಿಗೆ ನಡುವೆ ತೂತು ಕೊರೆದು, ಅದರ ಮೂಲಕ ನನ್ನದೇ ಚಿತ್ರ ತೆಗೆದಿದ್ದಳು. ನಾನು ಆಕಳಿಸುತ್ತಿದ್ದೆ. ಇದೇನು ತಮಾಷೆ ಅಂತ ಬೈದೆ. ಚೌಕಟ್ಟನ್ನು ಆಮೇಲೆ ತಿನ್ನಬಹುದು ಸರ್, ಕಿಟಕಿಯನ್ನು ತಿನ್ನೋಕಾಗಲ್ಲ ಅಂದಳು. ಬೈಸಿಕೊಂಡು ಸುಮ್ಮನಿರುವ ಜಾಯಮಾನವೇ ಅವಳದಲ್ಲ. ನನಗೆ ಕತ್ತಲೆ ಮೇಷ್ಟ್ರು ಅಂತ ಹೆಸರಿಟ್ಟವಳೂ ಅವಳೇ. ಯಾವಾಗ ನೋಡಿದರೂ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುತ್ತಿರುತ್ತೇನೆ ಅಂತ. ಈಗ ಇಡೀ ಶಾಲೆ ಹಾಗೇ ಕರೆಯುತ್ತದೆ. ಆ ಕೋಣೆಯಲ್ಲಿ ಅವಳು ಕೂರುತ್ತಿದ್ದ ಸ್ಟೂಲಿನ ಮೇಲೆ ಹೊಸ ಮಕ್ಕಳು ಕೂರುವುದಿಲ್ಲ. ಅವಳು ಯಾರು ಅಂತಲೇ ಅವರಿಗೆ ಗೊತ್ತಿಲ್ಲ. ನಾನು ಹೇಳಿಯೂ ಇಲ್ಲ. ಆದರೂ ಕೂರುವುದಿಲ್ಲ.

ಎದುರಿಗಿಲ್ಲದವರ ಭಾವಚಿತ್ರ ಅಂದರೆ, ಮನುಷ್ಯ ಚಿತ್ರದಲ್ಲಿ ಇರಬಾರದು, ಆದರೆ ನೋಡಿದವರಿಗೆ ಅವರು ಎಂಥವರು ಅಂತ ತಿಳಿಯಬೇಕು. ದಯವಿಟ್ಟು ಅವಳದನ್ನು ತೆಗೆಯಬೇಡಿ. ಬದುಕಿರುವವರದನ್ನು ತೆಗೆಯಿರಿ. ನಿಮ್ಮನೆಯವರದು ಆಗಬಹುದು.

ಇತಿ,
ಕತ್ತಲೆ ಮೇಷ್ಟ್ರು


ಏಪ್ರಿಲ್ ೨

ಮೇಷ್ಟ್ರೇ,

ನೀವು ಹೇಳಿದ ಹಾಗೆ ನಮ್ಮನೆಯವರ ಚಿತ್ರ ತೆಗೆಯೋಣ ಅಂತ ಅವರ ವಸ್ತುಗಳನ್ನೆಲ್ಲ ನೋಡುತ್ತಾ ಹೋದೆ. ಸಮವಸ್ತ್ರ, ಕನ್ನಡಕದ ಡಬ್ಬಿ, ಬೂಟು. ಯಾವುದೂ ಅವರ ಹಾಗೆ ಕಾಣಲಿಲ್ಲ. ಕಡೆಗೆ ಊಟದ ಮೇಜಿನಲ್ಲಿ ಕಂಡಿತು. ಮೊದಲು ಅವರ ಕುರ್ಚಿ ಪಿಟ್ಟೆಯ ಕೋಣೆಯ ಬಾಗಿಲಿಗೆ ಎದುರಾಗಿ ಇರುತ್ತಿತ್ತು. ಅವಳು ಎದ್ದಳಾ, ಓದುತ್ತಿದ್ದಾಳಾ ಅಂತ ಕೂತಲ್ಲಿಂದಲೇ ನೋಡೋಕೆ. ಈಗ ಅದು ಬಾಗಿಲಿಗೆ ಬೆನ್ನು ಮಾಡಿದೆ. ಯಾವತ್ತು ತಿರುಗಿಸಿದರೋ ನಾನು ಗಮನಿಸಿಯೇ ಇರಲಿಲ್ಲ. ಕುರ್ಚಿಯ ಬೆನ್ನು, ಅದರ ಹಿಂದೆ ಮುಚ್ಚಿದ ಬಾಗಿಲು. ಅಷ್ಟೇ ತೆಗೆದೆ.

ತೆಗೆದ ಮೇಲೆ ಆ ಕುರ್ಚಿಯಲ್ಲೇ ಕೂತೆ. ನಿಮಗೆ ಹೇಳಬೇಕಾದ್ದು ಒಂದಿದೆ.

ಅವತ್ತು ಬೆಳಿಗ್ಗೆ ಅಪ್ಪ ಮಗಳಿಗೆ ಜಗಳವಾಗಿತ್ತು. ಪರೀಕ್ಷೆ ಹತ್ತಿರ ಬಂದಿದೆ, ಇದೇನು ಚಿತ್ರದ ಹುಚ್ಚು ಅಂತ ಇವರು. ಒಂದೇ ಒಂದು ಗಂಟೆ ಅಪ್ಪಾ, ಕಲ್ಲುಗಣಿ ಹೊಂಡಕ್ಕೆ ಹೋಗಿ ಬಂದುಬಿಡ್ತೀನಿ ಅಂತ ಅವಳು. ಮಾತಿಗೆ ಮಾತು ಬೆಳೆದು ಇವರು ಅಂದುಬಿಟ್ಟರು: "ಆ ಡಬ್ಬ ಹಿಡ್ಕೊಂಡು ಎಲ್ಲಾದ್ರೂ ಹಾಳಾಗಿ ಹೋಗು."

ಎಲ್ಲ ಮನೆಯಲ್ಲೂ ದಿನಕ್ಕೆ ಹತ್ತು ಸಲ ಆಡುವ ಮಾತು. ಅವಳು ಹೋದಳು.

ಸಂಜೆ ಜನ ಅವಳನ್ನು ನೀರಿನಿಂದ ಎತ್ತಿದಾಗ ಚಪ್ಪಲಿ ಎರಡೂ ಮೆಟ್ಟಿಲ ಮೇಲೆ ಜೋಡಿಸಿ ಇಟ್ಟಿದ್ದವು. ಕ್ಯಾಮೆರಾ ಮೆಟ್ಟಿಲ ಪಕ್ಕದ ಕಬ್ಬಿಣದ ಸರಪಳಿಗೆ ಜೋಪಾನವಾಗಿ ತೂಗುಹಾಕಿತ್ತು. ಕಾಲು ಜಾರಿ ಬಿದ್ದವರು ಚಪ್ಪಲಿ ಬಿಚ್ಚಿಡುತ್ತಾರಾ ಅಂತ ಒಬ್ಬರು ಅಂದರು. ಎಲ್ಲ ಇಷ್ಟು ಅಚ್ಚುಕಟ್ಟಾಗಿ ಇಟ್ಟು ಹೋಗಿದ್ದಾಳೆ ಅಂದರೆ, ಅಂತ ಇನ್ನೊಬ್ಬರು. ಆ ಮಾತನ್ನು ಯಾರೂ ಪೂರ್ತಿ ಮಾಡಲಿಲ್ಲ. ಇವರು ಮಾತ್ರ ದಿನಾ ಮನಸ್ಸಿನೊಳಗೆ ಅದನ್ನು ಪೂರ್ತಿ ಮಾಡಿಕೊಳ್ಳುತ್ತಿದ್ದಾರೆ. ನಾನೂ.

ಆ ರೀಲು ತೊಳೆಯೋಕೆ ನಾನು ಯಾಕೆ ಹಿಂದೆಮುಂದೆ ನೋಡುತ್ತಿದ್ದೇನೆ ಅಂತ ಈಗ ನಿಮಗೆ ಗೊತ್ತಾಗಿರಬಹುದು. ಉಳಿದಿರುವುದು ಪ್ರತಿಬಿಂಬ ಒಂದೇ. ಹೊಂಡಕ್ಕೇ ಹೋಗಿ ಮಾಡುತ್ತೇನೆ.

ಇತಿ,
ಪಿಟ್ಟೆಯ ಅಮ್ಮ


ಏಪ್ರಿಲ್ ೫

ಅಮ್ಮಾ,

ಕಾಗದ ಈಗ ತಾನೇ ಬಂತು. ಹೊಂಡಕ್ಕೆ ಒಬ್ಬರೇ ಹೋಗಬೇಡಿ. ಕೈಮುಗಿದು ಕೇಳುತ್ತೇನೆ. ಈ ಭಾನುವಾರ ನಾನೇ ನಿಮ್ಮಲ್ಲಿಗೆ ಬರುತ್ತೇನೆ. ಕಾಗದದಲ್ಲಿ ಬರೆಯುವಂಥದ್ದಲ್ಲ, ಎದುರಿಗೆ ಕೂತು ಹೇಳಬೇಕು. ಅಲ್ಲಿಯವರೆಗೆ ಕಾಯಿರಿ.

ಕತ್ತಲೆ ಮೇಷ್ಟ್ರು


ಏಪ್ರಿಲ್ ೨೦

ಅಮ್ಮಾ,

ನಿಮ್ಮಿಂದ ಒಂದು ಸಾಲೂ ಇಲ್ಲ.

ಭಾನುವಾರ ಬಂದಿದ್ದೆ. ನಿಮ್ಮನೆಯವರು ಹೇಳಿದರೋ ಇಲ್ಲವೋ. ಬಾಗಿಲು ತೆಗೆದು, ಎರಡೂ ಕಡೆ ಕೈ ಅಡ್ಡ ಇಟ್ಟು ನಿಂತರು. ಅವಳು ಡ್ಯೂಟಿಗೆ ಹೋಗಿದ್ದಾಳೆ ಅಂದರು. ನಾನು ಯಾರು ಅಂತ ಅವರಿಗೆ ಗೊತ್ತಾಗಿತ್ತು. "ಈಗ ಯಾಕೆ ಬಂದ್ರಿ?" ಅಂತ ಕೇಳಿದರು. ನಿಮಗೆ ಹೇಳಬೇಕಾದ್ದೊಂದಿತ್ತು. ಹೊಸ್ತಿಲಾಚೆ ನಿಂತು ಅದನ್ನು ಅವರಿಗೆ ಹೇಳೋಕೆ ಆಗಲಿಲ್ಲ.

ಮೊನ್ನೆ ಆಸ್ಪತ್ರೆಗೆ ಫೋನು ಮಾಡಿದೆ. ನೀವು ರಜೆಯಲ್ಲಿದ್ದೀರಿ ಅಂದರು. ಕ್ಷೇಮವಾಗಿದ್ದೇನೆ ಅಂತ ಎರಡು ಅಕ್ಷರ ಬರೆಯಿರಿ, ಸಾಕು.

ಕತ್ತಲೆ ಮೇಷ್ಟ್ರು


ಏಪ್ರಿಲ್ ೨೮

ಮೇಷ್ಟ್ರೇ,

ಕ್ಷೇಮವಾಗಿದ್ದೇನೆ.

ನಿಮ್ಮ ಎರಡೂ ಕಾಗದ ಬಂದವು. ಮೊದಲನೆಯದು ಕೈಸೇರುವ ಹೊತ್ತಿಗೆ ಭಾನುವಾರ ಕಳೆದಿತ್ತು, ನೀವು ಮನೆಗೆ ಬಂದದ್ದು ನನಗೆ ಗೊತ್ತೇ ಆಗಲಿಲ್ಲ. ರಜೆ ಹಾಕಿದ್ದು ಹೊಂಡಕ್ಕೆ ಹೋಗೋಕೆ. ಮಧ್ಯಾಹ್ನ ಹೋದೆ. ಅಲ್ಲಿ ಯಾರೂ ಇರಲಿಲ್ಲ. ಒಂದು ಕಡೆ ಕಲ್ಲು ಕಡಿದ ಗೋಡೆ ನೆಟ್ಟಗೆ ನಿಂತಿದೆ. ಈಚೆ ಕಡೆ ನೀರಿನವರೆಗೆ ಮೆಟ್ಟಿಲು, ಪಕ್ಕಕ್ಕೆ ಸರಪಳಿ. ನೀರಿಗಿಂತ ನಾಲ್ಕು ಮೆಟ್ಟಿಲು ಮೇಲೆಯೇ ಸರಪಳಿ ಮುಗಿದುಹೋಗಿದೆ. ಗಾಳಿಯಿಲ್ಲ. ಗೋಡೆ ನೀರಿನೊಳಗೂ ಅಷ್ಟೇ ಎತ್ತರಕ್ಕೆ, ತಲೆಕೆಳಗಾಗಿ ಇಳಿದಿತ್ತು.

ಕಣ್ಣಿಟ್ಟು ನೋಡಿದೆ, ಸರಿಬರಲಿಲ್ಲ. ಮೆಟ್ಟಿಲಿನ ಮೂಲೆ ಅಡ್ಡ ಬರುತ್ತಿತ್ತು. ಇನ್ನೂ ಕೆಳಗಿನಿಂದ ಹೇಗೆ ಕಾಣುತ್ತದೋ ನೋಡೋಣ ಅನ್ನಿಸಿತು. ರಬ್ಬರ್ ಚಪ್ಪಲಿ ಆ ಕಲ್ಲಿನ ಮೇಲೆ ಜಾರುತ್ತಿತ್ತು, ಬಿಚ್ಚಿಟ್ಟೆ. ನೆಲವೆಲ್ಲ ಒದ್ದೆ, ಕ್ಯಾಮೆರಾ ಇಡೋಕೆ ಒಣ ಜಾಗ ಕಾಣಲಿಲ್ಲ. ಸರಪಳಿಗೆ ತೂಗುಹಾಕಿದೆ. ಬರಿಗೈಯಲ್ಲಿ ಇಳಿದೆ.

ನೀರಿನ ಹತ್ತಿರ ಬಗ್ಗಿದಾಗ ಒಂದು ಮುಖ ಕಂಡಿತು. ನನ್ನದೇ. ನನ್ನದು ಅಂತ ಒಪ್ಪಿಕೊಳ್ಳೋಕೆ ಸ್ವಲ್ಪ ಹೊತ್ತು ಹಿಡಿಯಿತು, ತಲೆ ಎಡಕ್ಕೆ ವಾಲಿತ್ತು. ಇನ್ನೊಂದು ಮೆಟ್ಟಿಲು ಇಳಿದರೆ ಚೆನ್ನಾಗಿ ಕಾಣುತ್ತದೆ ಅಂತ ಕಾಲಿಟ್ಟೆ. ನೀರೊಳಗಿನ ಆ ಮೆಟ್ಟಿಲು ಪೂರಾ ಪಾಚಿ. ಕಾಲು ಹೋಯಿತು. ಹಿಂದಕ್ಕೆ ಕುಕ್ಕರಿಸಿ ಬಿದ್ದಿದ್ದರಿಂದ ಉಳಿದೆ. ಮುಂದಕ್ಕೆ ಬಗ್ಗಿಕೊಂಡೇ ಇದ್ದಿದ್ದರೆ ಹಿಡಿದುಕೊಳ್ಳೋಕೆ ಏನೂ ಇರಲಿಲ್ಲ. ಅವಳಿಗೆ ಈಜು ಬರುತ್ತಿರಲಿಲ್ಲ.

ಕೂತಲ್ಲೇ ತಿರುಗಿ ಮೇಲೆ ನೋಡಿದೆ. ಸರಪಳಿಯಲ್ಲಿ ಕ್ಯಾಮೆರಾ ತೂಗುತ್ತಿತ್ತು. ಅದರ ಕೆಳಗೆ ನನ್ನ ಚಪ್ಪಲಿ ಎರಡೂ ಪಕ್ಕಪಕ್ಕದಲ್ಲಿ. ಜೋಡಿಸಿಡಬೇಕು ಅಂತ ನಾನು ಇಟ್ಟಿರಲಿಲ್ಲ, ಚಪ್ಪಲಿ ಬಿಚ್ಚಿದರೆ ಅವು ಹಾಗೇ ಇರುತ್ತವೆ. ನಾನು ಸಾಯೋಕೆ ಬಂದಿರಲಿಲ್ಲ ಮೇಷ್ಟ್ರೇ. ಅವಳೂ ಬಂದಿರಲಿಲ್ಲ.

ಇದನ್ನು ನಮ್ಮನೆಯವರಿಗೆ ಬಾಯಲ್ಲಿ ಹೇಳಿದ್ದರೆ ಸಮಾಧಾನಕ್ಕೆ ಹೇಳುತ್ತೀಯ ಅನ್ನುತ್ತಿದ್ದರು. ಅದಕ್ಕೇ ಹೇಳಲಿಲ್ಲ. ಅವಳ ಪಾಠ ಒಂದು ಬಾಕಿ ಇದೆ, ಹೊಂಡದ ಹತ್ತಿರ ಜೊತೆಗೆ ಬನ್ನಿ ಅಂತ ದಿನಾ ಕೇಳಿದೆ. ಬೈದರು, ಎದ್ದು ಹೋದರು. ಕೊನೆಗೆ ಬಂದರು. ಕ್ಯಾಮೆರಾ ಅವರ ಕೈಗೆ ಕೊಟ್ಟು, ನೀರಿನಲ್ಲಿ ಕಾಣುವ ಗೋಡೆ ತೆಗೆಯಿರಿ ಅಂದೆ. ಇಲ್ಲಿಂದ ಸರಿಯಾಗಿ ಕಾಣಲ್ಲ ಅಂದರು. ಹಾಗಾದರೆ ಅದನ್ನು ಎಲ್ಲಾದರೂ ಇಟ್ಟು, ಬರಿಗೈಯಲ್ಲಿ ಕೆಳಗಿಳಿದು ನೋಡಿ ಬನ್ನಿ ಅಂದೆ. ಅವರು ಸುತ್ತ ನೋಡಿದರು. ಸರಪಳಿಗೆ ತೂಗುಹಾಕಿದರು. ಒಂದು ಮೆಟ್ಟಿಲು ಇಳಿದು, ಬೂಟು ಜಾರಿತು ಅಂತ ಅದನ್ನೂ ಬಿಚ್ಚಿ ಪಕ್ಕಕ್ಕಿಟ್ಟರು. ನಾನು ಹಿಂದಿನಿಂದ ಅವರ ಅಂಗಿ ಹಿಡಿದುಕೊಂಡೆ.

"ಸಾಕು. ಇಲ್ಲಿಂದ ಈಗ ಹಿಂದಕ್ಕೆ ತಿರುಗಿ ನೋಡಿ" ಅಂದೆ.

ನೋಡಿದರು. ತಮ್ಮ ಬೂಟನ್ನೇ ತುಂಬ ಹೊತ್ತು ನೋಡಿದರು. ಆಮೇಲೆ ಅಲ್ಲೇ ಕೂತು ಅತ್ತರು. ಮಣ್ಣು ಮಾಡಿದ ದಿನವೂ ಅವರು ಅತ್ತಿರಲಿಲ್ಲ.

"ನಾನು ಹಾಳಾಗಿ ಹೋಗು ಅಂದಿದ್ದೆ" ಅಂದರು.

"ಅಂದಿದ್ರಿ. ನಿಮ್ಮ ಮಾತನ್ನ ಅವಳು ಯಾವತ್ತು ಕೇಳಿದ್ಲು, ಅವತ್ತು ಕೇಳೋಕೆ?" ಅಂದೆ.

ಇಷ್ಟು ಅವರ ಕಥೆ. ಇನ್ನು ನಿಮ್ಮದು. ಕ್ಯಾಮೆರಾ ಇಟ್ಟು ಬರಿಗೈಯಲ್ಲಿ ಹತ್ತಿರ ಹೋಗಿ ನೋಡಿ ಅಂತ ನನಗೆ ಹೇಳಿದವರು ನೀವು. ಅವಳಿಗೂ ಹೇಳಿರುತ್ತೀರಿ. ಆ ಸರಪಳಿಯ ಅರ್ಥ ನಿಮಗೆ ಮೊದಲೇ ಗೊತ್ತಿತ್ತಾ? ಇದನ್ನು ಕೇಳಬೇಕೋ ಬೇಡವೋ ಅಂತಲೇ ಇಷ್ಟು ದಿನ ನಿಮಗೆ ಬರೆಯಲಿಲ್ಲ.

ಪಿಟ್ಟೆಯ ಅಮ್ಮ


ಮೇ ೬

ಅಮ್ಮಾ,

ಕ್ಯಾಮೆರಾ ದಡದಲ್ಲಿ ಸಿಕ್ಕಿತು ಅಂತಷ್ಟೇ ನನಗೆ ಹೇಳಿದ್ದರು. ಚಿತ್ರ ತೆಗೆಯುತ್ತಾ ಇರುವಾಗ ಕಾಲು ಜಾರಿ, ಅದು ಕೈತಪ್ಪಿ ದಡದಲ್ಲೇ ಉಳಿದಿರಬೇಕು ಅಂದುಕೊಂಡಿದ್ದೆ. ಸರಪಳಿಗೆ ತೂಗುಹಾಕಿತ್ತು ಅಂತ ನಿಮ್ಮ ಕಾಗದದಲ್ಲಿ ಓದಿದ ಗಳಿಗೆಯಲ್ಲಿ ಗೊತ್ತಾಯಿತು. ಅವಳು ಪಾಠ ತಪ್ಪದೆ ಮಾಡಿದ್ದಾಳೆ ಅಂತ. ಅದನ್ನು ಹೇಳೋಕೇ ನಿಮ್ಮ ಬಾಗಿಲಿಗೆ ಬಂದದ್ದು.

ಆ ಮಾತನ್ನು ನಾನು ಕೆಲಸಕ್ಕೆ ಸೇರಿದಾಗಿನಿಂದ ಹೇಳುತ್ತಾ ಬಂದಿದ್ದೇನೆ. ಒಳ್ಳೆಯ ಮಾತು ಅಂತಲೇ ತಿಳಿದಿದ್ದೆ. ಮೊನ್ನೆ ಬೇಸಿಗೆ ರಜೆಯ ತರಗತಿಗೆ ಬಂದ ಹೊಸ ಹುಡುಗಿಯೊಬ್ಬಳಿಗೆ ಹೇಳೋಕೆ ಹೊರಟೆ, ಕ್ಯಾಮೆರಾ ಎಲ್ಲಾದರೂ ಇಟ್ಟು ಅನ್ನುವಷ್ಟರಲ್ಲಿ ನಾಲಗೆ ನಿಂತುಹೋಯಿತು. ಇಟ್ಟು ಏನು ಮಾಡಲಿ ಸರ್ ಅಂತ ಅವಳು ಕಾಯುತ್ತಾ ನಿಂತಳು. ಏನೂ ಇಲ್ಲ, ಹೋಗು ಅಂದೆ. ಮುಂದೆ ಕಲಿಸುತ್ತೇನೋ ಇಲ್ಲವೋ, ಗೊತ್ತಿಲ್ಲ.

ನಿಮಗೆ ಬೇಕು ಅನ್ನಿಸಿದಾಗ ರೀಲು ತನ್ನಿ. ಕೋಣೆ ತೆರೆದಿರುತ್ತದೆ.

ಕತ್ತಲೆ ಮೇಷ್ಟ್ರು


ಮೇ ೧೯

ಮೇಷ್ಟ್ರೇ,

ಪ್ರತಿಬಿಂಬವನ್ನೂ ತೆಗೆದಾಯಿತು, ರೀಲು ಮುಗಿಯಿತು. ನಾನು ಬರುವುದಿಲ್ಲ. ನಿಮ್ಮನ್ನು ಎದುರಿಗೆ ನೋಡೋಕೆ ಇನ್ನೂ ಆಗುವುದಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿದೆ, ಇಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಹೋಗುತ್ತದೆ ಅಂತಲೂ ಮಾತು ಕೊಡಲಾರೆ. ನಮ್ಮನೆಯವರು ಡ್ಯೂಟಿ ಮುಗಿಸಿಕೊಂಡು ಗುರುವಾರ ಬರುತ್ತಾರೆ. ಅವರೇ ಹೋಗುತ್ತೇನೆ ಅಂದರು, ನಾನು ಕೇಳಲಿಲ್ಲ.

ಪಾಠ ನಿಲ್ಲಿಸಬೇಡಿ. ಆ ಮಾತನ್ನೂ ತೆಗೆಯಬೇಡಿ. ಅದು ಇಲ್ಲದಿದ್ದರೆ ನನಗೆ ನನ್ನ ಮಗಳು ಅರ್ಥವಾಗುತ್ತಿರಲಿಲ್ಲ. ಒಬ್ಬರೇ ಹೋಗಬೇಡಿ ಅಂತ ಅದರ ಪಕ್ಕದಲ್ಲಿ ಇನ್ನೊಂದು ಮಾತು ಸೇರಿಸಿ. ಪ್ರತಿ ಸಲವೂ ಹೇಳಿ.

ಇತಿ,
ಪಿಟ್ಟೆಯ ಅಮ್ಮ


ಮೇ ೨೬

ಅಮ್ಮಾ,

ಚಿತ್ರಗಳು ತಲುಪಿರುತ್ತವೆ. ಇಲ್ಲಿ ಏನು ನಡೆಯಿತು ಅಂತ ನಿಮ್ಮನೆಯವರು ನಿಮಗೆ ಹೇಳಿರಲಾರರು ಅನ್ನಿಸಿ ಬರೆಯುತ್ತಿದ್ದೇನೆ.

ಸಮವಸ್ತ್ರದಲ್ಲೇ ಬಂದರು. ಕ್ಯಾಮೆರಾ ಊಟದ ಡಬ್ಬಿಯ ಚೀಲದಲ್ಲಿತ್ತು. ರೀಲನ್ನು ತೊಳೆಯುವ ಡಬ್ಬಿಯೊಳಗೆ ಸುತ್ತುವಾಗ ಎಳ್ಳಷ್ಟೂ ಬೆಳಕಿರಬಾರದು, ಹೊರಗೆ ಕೂತಿರಿ ಅಂದೆ. ಇರಲಿ, ಇಲ್ಲೇ ಇರ್ತೀನಿ ಅಂದರು. ದೀಪ ಆರಿಸಿದೆ. ಕತ್ತಲಲ್ಲಿ ಅವರ ಉಸಿರು ಮಾತ್ರ ಕೇಳುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ತಾವಾಗಿಯೇ ಮಾತಾಡಿದರು. ಅವಳು ಹುಟ್ಟಿದಾಗ ಎಷ್ಟು ಸಣ್ಣಗಿದ್ದಳು, ಬಸ್ಸಿನ ಮುಂದಿನ ಸೀಟೇ ಬೇಕು ಅಂತ ಹೇಗೆ ಹಟ ಮಾಡುತ್ತಿದ್ದಳು, ಎಲ್ಲ ಹೇಳಿದರು. ದೀಪ ಹಾಕಿದೊಡನೆ ನಿಲ್ಲಿಸಿದರು. ನನಗೆ ತಿಳಿದಿದ್ದರೆ ಇನ್ನಷ್ಟು ಹೊತ್ತು ಹಾಕುತ್ತಿರಲಿಲ್ಲ.

ಒಣಗೋಕೆ ನೇತುಹಾಕಿದ ಫಿಲ್ಮನ್ನು ಇಬ್ಬರೂ ಬೆಳಕಿಗೆ ಹಿಡಿದು ನೋಡಿದೆವು. ಹೊಂಡದಲ್ಲಿ ಅವಳು ತೆಗೆದದ್ದು ಮೂರು ಚಿತ್ರ. ಅವುಗಳ ಬೆನ್ನಿಗೇ ನಿಮ್ಮ ಲೋಟ. ಅವಳ ಕೊನೆಯದಕ್ಕೂ ನಿಮ್ಮ ಮೊದಲನೆಯದಕ್ಕೂ ನಡುವೆ ಇರುವುದು ಉಗುರಿನಂಚಿನಷ್ಟು ಜಾಗ. ನಿಮ್ಮನೆಯವರು ಆ ಸಣ್ಣ ಗೆರೆಯನ್ನು ತೋರಿಸಿ, ಇದು ಏನು ಅಂತ ಕೇಳಿದರು. ಏನೂ ಇಲ್ಲ, ಖಾಲಿ ಬಿಟ್ಟಿರುತ್ತೆ ಅಂದೆ. ಅದನ್ನೇ ನೋಡುತ್ತಾ ನಿಂತರು.

ಅವಳ ಕೊನೆಯ ಚಿತ್ರವನ್ನು ದೊಡ್ಡದು ಮಾಡಿದೆ. ಕೆಂಪು ದೀಪದಲ್ಲಿ, ತಟ್ಟೆಯ ನೀರಿನೊಳಗೆ, ಬಿಳಿ ಕಾಗದದ ಮೇಲೆ ಮೊದಲು ಗೋಡೆ ಬಂತು, ಆಮೇಲೆ ನೀರಿನೊಳಗಿನ ಗೋಡೆ. ಕೊನೆಗೆ ಕೆಳಗಿನ ಅಂಚಿನಲ್ಲಿ, ಎಡಗಡೆ, ದುಂಡಗೆ ಏನೋ ಬೆಳ್ಳಗೆ ಬಂತು. ಕಲೆ ಇರಬೇಕು ಅಂದುಕೊಂಡೆ. ನಿಮ್ಮನೆಯವರು ಬಗ್ಗಿ ನೋಡಿ, "ಅವಳ ಹೆಬ್ಬೆರಳು" ಅಂದರು.

ಕಾಲಿನ ಹೆಬ್ಬೆರಳು. ಬರಿಗಾಲು. ಕ್ಯಾಮೆರಾ ಕಣ್ಣಿನಲ್ಲಿರುವಾಗಲೇ ಅವಳ ಚಪ್ಪಲಿ ಬಿಚ್ಚಿಯಾಗಿತ್ತು. ಇನ್ನೂ ಹತ್ತಿರದಿಂದ ನೋಡಬೇಕು ಅಂತ, ಅಷ್ಟೇ. ನೀವು ಮೆಟ್ಟಿಲ ಮೇಲೆ ಕೂತು ಕಂಡುಕೊಂಡದ್ದು ನಿಜ ಅಮ್ಮಾ. ಅದು ಕಾಗದದ ಮೇಲೂ ಇದೆ.

ಅಂಚು ನೋಡದೆ ಒತ್ತಿದ್ದಾಳೆ, ಇದನ್ನು ತಂದು ತೋರಿಸಿದ್ದರೆ ಚೆನ್ನಾಗಿ ಬೈದಿರುತ್ತಿದ್ದೆ ಅಂದೆ. ಅದು ಬಾಯಿಗೆ ಹೇಗೆ ಬಂತೋ ಗೊತ್ತಿಲ್ಲ.

ನಿಮ್ಮನೆಯವರು ಚಿತ್ರದಿಂದ ಕಣ್ಣು ತೆಗೆಯಲಿಲ್ಲ.

"ಬೈಯಿರಿ ಮೇಷ್ಟ್ರೇ" ಅಂದರು.

ತಮಾಷೆಗೆ ಹೇಳಿದ್ದಲ್ಲ. ನಾನು ತಟ್ಟೆಯ ಕಡೆ ತಿರುಗಿ, ತರಗತಿಯಲ್ಲಿ ಬೈಯುವ ಧ್ವನಿಯಲ್ಲೇ ಬೈದೆ.

"ಏ ಪಿಟ್ಟೆ, ಒತ್ತೋ ಮುಂಚೆ ನಾಲ್ಕೂ ಅಂಚು ನೋಡು ಅಂತ ನಿನಗೆ ಎಷ್ಟು ಸಲ ಹೇಳೋದು?"

ನಲ್ಲಿಯಿಂದ ನೀರು ಹನಿಯುತ್ತಿತ್ತು. ಅವಳು ಬೈಸಿಕೊಂಡು ಸುಮ್ಮನಿರುವವಳಲ್ಲವಲ್ಲ. ನಾವಿಬ್ಬರೂ ಹಾಗೇ ನಿಂತು ಸ್ವಲ್ಪ ಹೊತ್ತು ಕಾದೆವು.

ಇತಿ,
ಕತ್ತಲೆ ಮೇಷ್ಟ್ರು